ಬಾವುಟ ಇಲ್ಲದ ಆ ಹುಡುಗಿ ಮಾಡಿದ ತಪ್ಪೇನು?

ಪ್ರಶ್ನೆ: ಸರ್, ನಾವು ಕಾರಟಗಿಯವರು. ನನ್ನ ಮಗಳಿಗೆ ಹದಿನೇಳು ವರ್ಷ. ಬಳ್ಳಾರಿ ಕಡೆ ಹಾಸ್ಟೆಲ್‌ನಲ್ಲಿದ್ದು ಜೂಡೋ ಕಲಿಯುತ್ತಿದ್ದಾಳೆ, 57 ಕೆ.ಜಿ. ವಿಭಾಗ. ರಜೆಗೆ ಬಂದರೆ ಮೊಬೈಲ್‌ನಲ್ಲಿ ರಷ್ಯಾದ ಒಬ್ಬ ಹುಡುಗಿಯ ಹಳೇ ಪಂದ್ಯ ಹಾಕಿಕೊಂಡು ಮತ್ತೆ ಮತ್ತೆ ನೋಡುತ್ತಾಳೆ. ಆ ಹುಡುಗಿಯ ಹೆಸರಿನ ಪಕ್ಕದಲ್ಲಿ ಬಾವುಟ ಇಲ್ಲ. ಬೆನ್ನ ಮೇಲೆ ದೇಶದ ಹೆಸರಿರೋ ಕಡೆ ಎ.ಐ.ಎನ್. ಅಂತ ಮೂರು ಅಕ್ಷರ. ಯಾಕೆ ಅಂತ ಕೇಳಿದರೆ, 'ಅವರ ದೇಶ ಯುದ್ಧ ಮಾಡ್ತಿದೆ, ಅದಕ್ಕೆ' ಅಂದರಂತೆ ಕೋಚ್. 'ಅವಳು ಏನ್ ತಪ್ಪು ಮಾಡಿದ್ಲು ಅವ್ವಾ?' ಅಂತ ಮಗಳು ನನ್ನ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ತಮ್ಮ, 'ದೇಶ ತಪ್ಪು ಮಾಡಿದ್ರೆ ಎಲ್ಲರೂ ಅನುಭವಿಸಬೇಕು' ಅಂತಾನೆ. ಯಜಮಾನರು, 'ಆಟದಾಗ ರಾಜಕೀಯ ತರಬಾರದು' ಅಂತಾರೆ. ಮನೇಲಿ ಇದೇ ಜಗಳ. ನನಗಿರೋ ಚಿಂತೆ ಬೇರೆ. ನಾಳೆ ನಮ್ಮ ದೇಶಕ್ಕೂ ಪಕ್ಕದ ದೇಶಕ್ಕೂ ಯುದ್ಧ ಆದರೆ ನನ್ನ ಮಗಳಿಗೂ ಹೀಗೇ ಬಾಗಿಲು ಹಾಕ್ತಾರಾ? ಕ್ರೀಡಾ ಕೋಟಾದಲ್ಲಿ ಅರೆಸೇನಾ ಪಡೆ ಸೇರಿದರೆ ಮುಂದೆ ತೊಂದರೆ ಅಂತ ಯಾರೋ ಹೆದರಿಸಿದ್ದಾರೆ. ಆ ರಷ್ಯಾ ಹುಡುಗಿಯ ವಿಡಿಯೋ ಕೆಳಗೆ ಮಗಳು ಏನೋ ಬರೆಯಬೇಕು ಅಂತಿದ್ದಾಳೆ. ನನ್ನ ತಮ್ಮ ಬೇಡ ಅಂತ ಗದರಿದ್ದಾನೆ. ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಪತ್ರ ಎರಡು ಸಲ ಓದಿದೆ. ಇಷ್ಟು ವರ್ಷ ಮಗಳು ಹಾಕಿದ ಶ್ರಮ, ಅವಳಿಗೆ ಸಂಬಂಧವೇ ಇಲ್ಲದ ಒಂದು ಜಗಳಕ್ಕೆ ನೀರುಪಾಲಾದರೆ ಏನು ಗತಿ, ಇದೇ ಅಲ್ವಾ ನಿಮ್ಮ ಭಯ? ಸುಮ್ನೆ ಭಯಪಡುತ್ತಿದ್ದೀರಿ ಅಂತ ನಾನು ಹೇಳೋದಿಲ್ಲ. ಆದರೆ ಭಯ ಯಾವುದಕ್ಕೆ ಪಡಬೇಕು, ಯಾವುದಕ್ಕೆ ಬೇಡ ಅಂತ ಬಿಡಿಸಿ ಹೇಳಬಲ್ಲೆ. ನಾನು ಬಳ್ಳಾರಿಯಲ್ಲಿ ವಕೀಲ. ಆಟಗಾರರ ಆಯ್ಕೆ, ವಯಸ್ಸಿನ ದಾಖಲೆ, ಉದ್ದೀಪನ ಮದ್ದಿನ ಪರೀಕ್ಷೆ, ಸಂಘಗಳ ಜಗಳ, ಇವೇ ನನ್ನ ಕೆಲಸ.

ಮೊದಲು ಯಜಮಾನರ ಮಾತು. ಆಟದಲ್ಲಿ ರಾಜಕೀಯ ಬರಬಾರದು ಅನ್ನೋದು ಒಳ್ಳೆಯ ಆಸೆ. ಆದರೆ ಅದು ಯಾವತ್ತೂ ಹಾಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ಟರ್ಕಿ ದೇಶಗಳನ್ನು ಕರೆಯಲೇ ಇಲ್ಲ. ಜರ್ಮನಿಗೆ 1924ರಲ್ಲೂ ಕರೆ ಹೋಗಲಿಲ್ಲ. 1948ರಲ್ಲಿ ಲಂಡನ್‌ಗೆ ಜರ್ಮನಿ, ಜಪಾನ್ ಎರಡನ್ನೂ ಬಿಟ್ಟರು. 1992ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುಗೊಸ್ಲಾವಿಯಾದ ಮೇಲೆ ನಿರ್ಬಂಧ ಹಾಕಿದಾಗ ಅದರಲ್ಲಿ ಕ್ರೀಡೆಯೂ ಸೇರಿತ್ತು. ಯುರೋ ಕಪ್ ಫುಟ್‌ಬಾಲ್‌ಗೆ ಅರ್ಹತೆ ಪಡೆದಿದ್ದ ಆ ತಂಡವನ್ನು ಕೊನೇ ಗಳಿಗೆಯಲ್ಲಿ ಕೈಬಿಟ್ಟು ಡೆನ್ಮಾರ್ಕನ್ನು ಕರೆದರು. ಆ ಡೆನ್ಮಾರ್ಕೇ ಕಪ್ ಗೆದ್ದಿತು. ಅದೇ ವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದವರು ತಂಡವಾಗಿ ಆಡುವಂತಿರಲಿಲ್ಲ. ಒಬ್ಬೊಬ್ಬರಾಗಿ, ಒಲಿಂಪಿಕ್ಸ್ ಬಾವುಟದಡಿ ಆಡಿದರು. ಶೂಟಿಂಗ್‌ನಲ್ಲಿ ಒಟ್ಟು ಮೂರು ಪದಕ ಗೆದ್ದರು ಕೂಡ. ನಿಮ್ಮ ಮಗಳು ನೋಡಿದ ಆ ಮೂರು ಅಕ್ಷರದ ಮೂಲ ಇಲ್ಲಿದೆ. ಎ.ಐ.ಎನ್. ಅಂದರೆ ದೇಶದ ಹೆಸರಿಲ್ಲದೆ ಒಬ್ಬೊಬ್ಬರಾಗಿ ಆಡುವ 'ತಟಸ್ಥ ಆಟಗಾರರು', ಅದರ ಫ್ರೆಂಚ್ ಹೆಸರಿನ ಮೊದಲ ಅಕ್ಷರಗಳು.

ಇನ್ನು ನಿಮ್ಮ ತಮ್ಮನ ಮಾತು. 'ಯುದ್ಧ ಮಾಡಿದ ದೇಶದವರು ಎಲ್ಲರೂ ಅನುಭವಿಸಬೇಕು' ಅನ್ನೋದು ನಿಯಮ ಆಗಿದ್ದರೆ ಎಷ್ಟು ದೇಶ ಉಳಿಯುತ್ತಿದ್ದವು ಹೇಳಿ? 2003ರಲ್ಲಿ ಅಮೆರಿಕ, ಬ್ರಿಟನ್ ಇರಾಕ್ ಮೇಲೆ ಯುದ್ಧಕ್ಕೆ ಹೋದವು. ಅವರ ಒಬ್ಬ ಆಟಗಾರನನ್ನೂ ಯಾರೂ ತಡೆಯಲಿಲ್ಲ. ಗಾಜಾದಲ್ಲಿ ಯುದ್ಧ ನಡೆಯುತ್ತಿರುವಾಗಲೇ ಇಸ್ರೇಲ್ ತನ್ನ ಬಾವುಟ ಹಿಡಿದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿತು. ರಷ್ಯಾಕ್ಕೆ ಒಂದು ನ್ಯಾಯ, ಇವರಿಗೆ ಇನ್ನೊಂದಾ ಅಂತ ಜಗತ್ತಿನ ಅರ್ಧ ಜನ ಕೇಳುತ್ತಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಇಂಥ ಯುದ್ಧ ಆದರೆ ನಿಷೇಧ, ಇಂಥದ್ದಾದರೆ ಇಲ್ಲ ಅಂತ ಮೊದಲೇ ಬರೆದಿಟ್ಟ ಅಳತೆಗೋಲು ಇಲ್ಲ. ಎಷ್ಟು ದೇಶ ಒಟ್ಟಾಗಿ ಒತ್ತಡ ಹಾಕುತ್ತವೆ, ಎಷ್ಟು ತಂಡ ಆಡೋದಿಲ್ಲ ಅಂತ ಪಟ್ಟು ಹಿಡಿಯುತ್ತವೆ, ಅದರ ಮೇಲೆ ತೀರ್ಮಾನ ಆಗುತ್ತಿದೆ.

ಇಲ್ಲಿ ಇನ್ನೊಂದು ಗೊಂದಲ ಇದೆ, ತುಂಬಾ ಜನಕ್ಕಿದೆ. ರಷ್ಯಾದವರು 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲೂ, ಟೋಕಿಯೊದಲ್ಲೂ ತಮ್ಮ ಬಾವುಟ ಇಲ್ಲದೆ ಆಡಿದ್ದರು. ಅದಕ್ಕೂ ಯುದ್ಧಕ್ಕೂ ಸಂಬಂಧ ಇಲ್ಲ. ಅದು ಉದ್ದೀಪನ ಮದ್ದಿನ ಹಗರಣಕ್ಕೆ ಆದ ಶಿಕ್ಷೆ. ಯುದ್ಧದ ನಿಷೇಧ ಶುರುವಾದದ್ದು 2022ರ ಫೆಬ್ರವರಿ 24ರಂದು ರಷ್ಯಾ ಸೇನೆ ಉಕ್ರೇನಿನೊಳಗೆ ನುಗ್ಗಿದ ಮೇಲೆ. ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಮುಗಿದು ನಾಲ್ಕೇ ದಿನ ಆಗಿತ್ತು. ಫೆಬ್ರವರಿ 28ಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ರಷ್ಯಾ ಮತ್ತು ಅದಕ್ಕೆ ಜೊತೆ ಕೊಟ್ಟ ಬೆಲಾರುಸ್‌ನ ಆಟಗಾರರನ್ನು ಕರೆಯಬೇಡಿ ಅಂತ ಎಲ್ಲ ಕ್ರೀಡಾ ಒಕ್ಕೂಟಗಳಿಗೆ ಹೇಳಿತು. ಅದನ್ನು ಶಿಕ್ಷೆ ಅಂತ ಕರೆಯಲಿಲ್ಲ, ರಕ್ಷಣಾ ಕ್ರಮ ಅಂದಿತು. ಅಂದರೆ ಸ್ಪರ್ಧೆ ಸುಸೂತ್ರವಾಗಿ ನಡೆಯಲಿ, ಅಲ್ಲಿಗೆ ಬಂದವರಿಗೂ ತೊಂದರೆ ಆಗದಿರಲಿ ಅಂತ. ವಕೀಲನಾಗಿ ಹೇಳುತ್ತೇನೆ, ಹೆಸರು ಏನೇ ಇಟ್ಟರೂ ಅಂಗಳದ ಹೊರಗೆ ನಿಂತ ಆಟಗಾರ್ತಿಗೆ ಎರಡೂ ಒಂದೇ.

ಹಾಗಾದರೆ ಮಗಳ ಪ್ರಶ್ನೆ. ಅವಳು ಏನು ತಪ್ಪು ಮಾಡಿದ್ದಳು? ಆ ಹುಡುಗಿ ಏನೂ ಮಾಡಿರಲಿಲ್ಲ. ಇದನ್ನು ನೇರವಾಗಿಯೇ ಮಗಳಿಗೆ ಹೇಳಿ. ಆದರೂ ಯಾಕೆ ತಡೆದರು ಅನ್ನೋದಕ್ಕೆ ಕಾರಣಗಳಿವೆ, ಅವು ಪೊಳ್ಳು ಕಾರಣಗಳಲ್ಲ.

2022ರ ಮಾರ್ಚ್‌ನಲ್ಲಿ ದೋಹಾದಲ್ಲಿ ಜಿಮ್ನಾಸ್ಟಿಕ್ಸ್ ಸ್ಪರ್ಧೆ ನಡೆಯಿತು. ಆ ನಿಷೇಧ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಪ್ಯಾರಲಲ್ ಬಾರ್ಸ್‌ನಲ್ಲಿ ಚಿನ್ನ ಗೆದ್ದವನು ಉಕ್ರೇನಿನ ಹುಡುಗ, ಇಲ್ಯಾ ಕೊವ್ತುನ್. ಕಂಚು ಗೆದ್ದವನು ರಷ್ಯಾದ ಇವಾನ್ ಕುಲ್ಯಾಕ್. ಪದಕ ಹಾಕಿಸಿಕೊಳ್ಳಲು ಬಂದ ಕುಲ್ಯಾಕ್ ಎದೆಯ ಮೇಲೆ 'ಝಡ್' ಅಕ್ಷರ ಅಂಟಿಸಿಕೊಂಡಿದ್ದ. ಉಕ್ರೇನಿಗೆ ನುಗ್ಗಿದ ರಷ್ಯಾದ ಟ್ಯಾಂಕುಗಳ ಮೇಲೆ ಬರೆದಿದ್ದ ಅಕ್ಷರ ಅದು. ತನ್ನ ದೇಶದ ಮೇಲೆ ಬಾಂಬ್ ಬೀಳುತ್ತಿರುವಾಗ ಪಕ್ಕದಲ್ಲಿ ಆ ಅಕ್ಷರ ಹಾಕಿಕೊಂಡವನ ಜೊತೆ ಕೊವ್ತುನ್ ನಿಲ್ಲಬೇಕಾಯಿತು. ಆ ಫೋಟೋವನ್ನು ಮಗಳಿಗೆ ತೋರಿಸಿ. ಕುಲ್ಯಾಕ್‌ಗೆ ಒಂದು ವರ್ಷ ನಿಷೇಧ ಆಯಿತು. ಅದೇ ತಿಂಗಳು ಮಾಸ್ಕೋದ ಕ್ರೀಡಾಂಗಣದಲ್ಲಿ ಅಧ್ಯಕ್ಷ ಪುಟಿನ್ ಅವರ ಸಭೆ ನಡೆದಾಗ ಒಲಿಂಪಿಕ್ಸ್ ಪದಕ ಗೆದ್ದವರನ್ನು ವೇದಿಕೆ ಮೇಲೆ ನಿಲ್ಲಿಸಿದರು. ಅದರಲ್ಲಿದ್ದ ಈಜುಗಾರ ಎವ್ಗೆನಿ ರೈಲೋವ್‌ಗೂ ಒಂಬತ್ತು ತಿಂಗಳ ನಿಷೇಧ ಬಿತ್ತು. ಆಟಗಾರನ ಪದಕವನ್ನು ಸರ್ಕಾರ ಯುದ್ಧದ ಪ್ರಚಾರಕ್ಕೆ ಬಳಸಿಕೊಳ್ಳುತ್ತದೆ ಅನ್ನೋ ಮಾತಿಗೆ ಇವೇ ಸಾಕ್ಷಿ. ಈ ಇಬ್ಬರ ವಿಷಯದಲ್ಲಿ ನನಗೆ ತಕರಾರಿಲ್ಲ. ಅವರನ್ನು ಅಳೆದದ್ದು ಅವರು ಮಾಡಿದ ಕೆಲಸದಿಂದ.

ಎರಡನೇ ಕಾರಣ ಸರಳ. ಎದುರಾಳಿಗಳು ಆಡಲು ಒಪ್ಪಲಿಲ್ಲ. ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ರಷ್ಯಾದ ಎದುರು ಇಳಿಯೋದಿಲ್ಲ ಅಂತ ಪೋಲೆಂಡ್, ಸ್ವೀಡನ್, ಜೆಕ್ ತಂಡಗಳು ಹೇಳಿಬಿಟ್ಟವು. ಹೀಗಾದರೆ ಟೂರ್ನಿ ನಡೆಸೋದು ಹೇಗೆ? ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ ಕೂಡ ಫುಟ್‌ಬಾಲ್ ನಿಷೇಧವನ್ನು ಎತ್ತಿಹಿಡಿಯಿತು.

ಮೂರನೆಯದು ನನ್ನನ್ನು ಜಾಸ್ತಿ ಕಾಡಿದ್ದು. 2023ರ ಜುಲೈನಲ್ಲಿ ಮಿಲಾನ್‌ನಲ್ಲಿ ಕತ್ತಿವರಸೆಯ ವಿಶ್ವ ಚಾಂಪಿಯನ್‌ಶಿಪ್. ಉಕ್ರೇನಿನ ಓಲ್ಗಾ ಖಾರ್ಲಾನ್, ರಷ್ಯಾ ಮೂಲದ ತಟಸ್ಥ ಆಟಗಾರ್ತಿ ಅನ್ನಾ ಸ್ಮಿರ್ನೊವಾರನ್ನು ಸೋಲಿಸಿದರು. ಪಂದ್ಯದ ಕೊನೆಗೆ ಕೈ ಕುಲುಕಬೇಕು. ಸ್ಮಿರ್ನೊವಾ ಕೈ ಚಾಚಿಕೊಂಡು ಬಂದರು. ಖಾರ್ಲಾನ್ ಕೈ ಕೊಡಲಿಲ್ಲ, ತಮ್ಮ ಕತ್ತಿಯನ್ನು ಮುಂದೆ ಚಾಚಿದರು, ಅದಕ್ಕೆ ಕತ್ತಿ ತಾಗಿಸಿದರೆ ಸಾಕು ಅಂತ. ಸ್ಮಿರ್ನೊವಾ ಒಪ್ಪಲಿಲ್ಲ. ಅಲ್ಲೇ ಕುರ್ಚಿ ಹಾಕಿಕೊಂಡು ಮುಕ್ಕಾಲು ಗಂಟೆ ಕೂತರು. ಗೆದ್ದ ಖಾರ್ಲಾನ್ ಅನರ್ಹರಾದರು! ಆಮೇಲೆ ಗಲಾಟೆ ಆಗಿ ಒಲಿಂಪಿಕ್ ಸಮಿತಿ ಅವರಿಗೆ ಪ್ಯಾರಿಸ್‌ಗೆ ನೇರ ಅವಕಾಶ ಕೊಟ್ಟಿತು. ಅಲ್ಲಿ ಅವರು ಒಂದು ಕಂಚು, ತಂಡದ ಜೊತೆ ಒಂದು ಚಿನ್ನ ಗೆದ್ದರು. ಆದರೆ ಒಂದು ಮಾತು ಯೋಚಿಸಿ. ಆ ಹೊತ್ತಿನಲ್ಲಿ ಆ ಕೈ ಹಿಡಿ ಅಂತ ಖಾರ್ಲಾನ್‌ಗೆ ಹೇಳೋಕೆ ನಾವು ಯಾರು? ನಿಮ್ಮ ಮಗಳ ಆಟದಲ್ಲೂ ಶುರುವಿಗೆ, ಕೊನೆಗೆ ಎದುರಾಳಿಗೆ ತಲೆಬಾಗಬೇಕು. ಯಾರಿಗೆ ತಲೆಬಾಗುತ್ತಿದ್ದೇವೆ ಅನ್ನೋದು ಅವಳಿಗೂ ಒಂದು ದಿನ ಭಾರ ಆಗಬಹುದು.

ಹಾಗಾದರೆ ದಾರಿಗಳೇನು? ಪೂರ್ತಿ ಬಾಗಿಲು ಹಾಕೋದು ಒಂದು. ವಿಶ್ವ ಅಥ್ಲೆಟಿಕ್ಸ್ ಹಾಗೇ ಮಾಡಿತು. ಪ್ಯಾರಿಸ್‌ನಲ್ಲಿ ಓಟ, ಎಸೆತ, ಜಿಗಿತಕ್ಕೆ ರಷ್ಯಾದ ಒಬ್ಬರೂ ಇರಲಿಲ್ಲ. ಇದರಲ್ಲಿ ಗೊಂದಲ ಇಲ್ಲ, ಆದರೆ ಯುದ್ಧ ಬೇಡ ಅಂದವನೂ, ಬೇಕು ಅಂದವನೂ ಒಂದೇ ಚೀಲದಲ್ಲಿ. 2022ರಲ್ಲಿ ವಿಂಬಲ್ಡನ್ ಕೂಡ ರಷ್ಯಾ, ಬೆಲಾರುಸ್ ಆಟಗಾರರನ್ನು ಹೊರಗಿಟ್ಟಿತು. ಪುರುಷರ, ಮಹಿಳೆಯರ ಟೆನಿಸ್ ಸಂಸ್ಥೆಗಳು ಸಿಟ್ಟಾಗಿ ಆ ವರ್ಷದ ವಿಂಬಲ್ಡನ್‌ಗೆ ರ‍್ಯಾಂಕಿಂಗ್ ಅಂಕವನ್ನೇ ಕೊಡಲಿಲ್ಲ. ಅಂದರೆ ಯುದ್ಧಕ್ಕೆ ಸಂಬಂಧವೇ ಇಲ್ಲದ ಆಟಗಾರರಿಗೂ ನಷ್ಟ. ಮಹಿಳೆಯರ ಪ್ರಶಸ್ತಿ ಗೆದ್ದವರು ಮಾಸ್ಕೋದಲ್ಲೇ ಹುಟ್ಟಿ ಕಜಾಕಸ್ತಾನದ ಪರ ಆಡುವ ಎಲೆನಾ ರಿಬಾಕಿನಾ. ಹುಟ್ಟಿದ ಊರು ಅಡ್ಡ ಬರಲಿಲ್ಲ, ಪಾಸ್‌ಪೋರ್ಟ್ ಅಡ್ಡ ಬರುತ್ತಿತ್ತು. ಮುಂದಿನ ವರ್ಷ ವಿಂಬಲ್ಡನ್ ಆ ನಿಷೇಧ ತೆಗೆಯಿತು.

ಇನ್ನೊಂದು ದಾರಿ ತಟಸ್ಥರು ಅನ್ನೋದು. 2023ರ ಮಾರ್ಚ್‌ನಲ್ಲಿ ಒಲಿಂಪಿಕ್ ಸಮಿತಿ ಇದನ್ನು ಹೇಳಿತು. ತಂಡಕ್ಕೆ ಅವಕಾಶ ಇಲ್ಲ, ಒಬ್ಬೊಬ್ಬರೇ ಬರಬಹುದು. ಬಾವುಟ, ರಾಷ್ಟ್ರಗೀತೆ ಇಲ್ಲ. ಯುದ್ಧವನ್ನು ಬೆಂಬಲಿಸಿರಬಾರದು. ಸೇನೆ ಅಥವಾ ಭದ್ರತಾ ಪಡೆಯ ಜೊತೆ ಒಪ್ಪಂದ ಇರಬಾರದು. ಪ್ಯಾರಿಸ್‌ಗೆ ಬರುವವರನ್ನು ಜರಡಿ ಹಿಡಿಯಲು ಮೂವರ ಸಮಿತಿ ಇತ್ತು, ಬಾಸ್ಕೆಟ್‌ಬಾಲ್ ತಾರೆ ಪೌ ಗಸೋಲ್ ಅದರಲ್ಲೊಬ್ಬರು. ಕೊನೆಗೆ ರಷ್ಯಾದಿಂದ 15, ಬೆಲಾರುಸ್‌ನಿಂದ 17 ಜನ ಆಡಿದರು. ಒಂದು ಚಿನ್ನ ಸೇರಿ ಐದು ಪದಕ ಬಂದವು. ಇದರ ಅಪಾಯ ಇನ್ನೊಂದು ಕಡೆಯಿಂದ. 2023ರಲ್ಲಿ ದೋಹಾದ ಜೂಡೋ ವಿಶ್ವ ಚಾಂಪಿಯನ್‌ಶಿಪ್‌ಗೆ ರಷ್ಯಾದವರು ತಟಸ್ಥರಾಗಿ ಬಂದರು. ಉಕ್ರೇನ್ ತಂಡ ಹೋಗಲೇ ಇಲ್ಲ. ಏಟು ತಿಂದವರೇ ಮನೆಯಲ್ಲಿ ಕೂತರು. ತಟಸ್ಥ ಅಂತ ಆಡಿ ಪದಕ ಗೆದ್ದವನಿಗೆ ಊರಿಗೆ ಹೋದ ಮೇಲೆ ಸನ್ಮಾನ, ದುಡ್ಡು ಕೊಡುವುದು ಅದೇ ಸರ್ಕಾರ ತಾನೇ ಅಂತ ಉಕ್ರೇನಿನವರು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಆದರೂ ನನ್ನ ನಿಲುವು ಹೇಳುತ್ತೇನೆ. ಬಾವುಟ, ರಾಷ್ಟ್ರಗೀತೆ, ತಂಡ, ಅಧಿಕಾರಿಗಳು, ಆ ದೇಶದಲ್ಲಿ ನಡೆಯೋ ಟೂರ್ನಿಗಳು, ಇವನ್ನೆಲ್ಲ ತಡೆಯಲಿ. ಸರ್ಕಾರಕ್ಕೆ ನೋವಾಗುವುದು ಅಲ್ಲೇ. ಒಬ್ಬ ಆಟಗಾರ್ತಿಯನ್ನು ತಡೆಯುವಾಗ ಮಾತ್ರ ಅವಳು ಏನು ಮಾಡಿದಳು ಅಂತ ನೋಡಲಿ. ವರ್ಣಭೇದ ನೀತಿಗಾಗಿ ಜಗತ್ತು ಆಟದಿಂದ ಹೊರಗಿಟ್ಟಿದ್ದ ದಕ್ಷಿಣ ಆಫ್ರಿಕಾದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ನಮ್ಮವರೂ ಅಲ್ಲಿ ದೊಡ್ಡ ಬೆಲೆ ತೆತ್ತಿದ್ದಾರೆ. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ ದಕ್ಷಿಣ ಆಫ್ರಿಕಾದ ಎದುರು ಆಡೋದಿಲ್ಲ ಅಂತ ಕಪ್ಪನ್ನೇ ಬಿಟ್ಟುಕೊಟ್ಟಿತು. ಹೆಮ್ಮೆಪಡುವ ಸಂಗತಿ ಅದು. ಆದರೆ ಅಲ್ಲಿ ಅನ್ಯಾಯ ಆಟದ ಅಂಗಳದೊಳಗೇ ಇತ್ತು. ಚರ್ಮದ ಬಣ್ಣ ನೋಡಿ ತಂಡ ಆರಿಸುತ್ತಿದ್ದರು. ಅಂಥ ತಂಡದ ಎದುರು ಆಡಿದರೆ ಆ ಆಯ್ಕೆಗೇ ಒಪ್ಪಿಗೆ ಕೊಟ್ಟ ಹಾಗೆ. ಯುದ್ಧ ಹಾಗಲ್ಲ. ಜೂಡೋ ಚಾಪೆಯ ಮೇಲೆ ನಿಂತ ಹುಡುಗಿಯನ್ನು ಕೇಳಿ ಯಾರೂ ಟ್ಯಾಂಕ್ ಕಳಿಸಿಲ್ಲ.

ಈಗ ನಮ್ಮ ದೇಶದ ಮಾತಿಗೆ ಬರೋಣ. 1999ರ ಜೂನ್ 8. ಕಾರ್ಗಿಲ್‌ನಲ್ಲಿ ಗುಂಡು ಹಾರುತ್ತಿತ್ತು. ಅದೇ ದಿನ ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಪಂದ್ಯ, ಭಾರತಕ್ಕೂ ಪಾಕಿಸ್ತಾನಕ್ಕೂ. ನಮ್ಮ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಕಿತ್ತರು, ಭಾರತ 47 ರನ್‌ನಿಂದ ಗೆದ್ದಿತು. ಯಾವ ದೇಶವನ್ನೂ ಯಾರೂ ಹೊರಗಿಡಲಿಲ್ಲ. 2025ರ ಮೇ ತಿಂಗಳ ಸಂಘರ್ಷದ ನಂತರವೂ ಎರಡೂ ದೇಶ ಏಷ್ಯಾ ಕಪ್‌ನಲ್ಲಿ ಆಡಿದವು, ಕೈ ಕುಲುಕಲಿಲ್ಲ ಅಷ್ಟೇ. ಆ ವರ್ಷ ನಮ್ಮ ಸರ್ಕಾರವೂ ಹೇಳಿತು, ಇಬ್ಬರದೇ ಸರಣಿ ಬೇಡ, ಹಲವು ದೇಶದ ಟೂರ್ನಿ ಆದರೆ ಆಡಬಹುದು ಅಂತ. ಆದ್ದರಿಂದ ಯುದ್ಧ ಆದ ಮಾತ್ರಕ್ಕೆ ನಿಮ್ಮ ಮಗಳಿಗೆ ಬಾಗಿಲು ಹಾಕುವ ಸಂಭವ ಬಹಳ ಕಡಿಮೆ.

ನಾವೇ ಬಾಗಿಲು ಹಾಕಿದ್ದೂ ಇದೆ, ಅದನ್ನೂ ಹೇಳಬೇಕು. 2019ರಲ್ಲಿ ಪುಲ್ವಾಮಾ ದಾಳಿಯ ನಂತರ ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗಲಿಲ್ಲ. ಅವರು ಆಡಬೇಕಿದ್ದ ವಿಭಾಗಕ್ಕೆ ಅಲ್ಲಿದ್ದ ಒಲಿಂಪಿಕ್ಸ್ ಅರ್ಹತೆಯನ್ನೇ ಒಲಿಂಪಿಕ್ ಸಮಿತಿ ರದ್ದು ಮಾಡಿತು, ಭಾರತದಲ್ಲಿ ಟೂರ್ನಿ ನಡೆಸುವ ಮಾತುಕತೆಯನ್ನೂ ನಿಲ್ಲಿಸಿತು. ಇನ್ನು ಮುಂದೆ ಹೀಗಾಗದು ಅಂತ ಸರ್ಕಾರ ಪತ್ರ ಬರೆದ ಮೇಲೆಯೇ ಸರಿಹೋಯಿತು. 2025ರಲ್ಲಿ ಬೆಂಗಳೂರಿನ ತಮ್ಮ ಜಾವೆಲಿನ್ ಕೂಟಕ್ಕೆ ನೀರಜ್ ಚೋಪ್ರಾ ಅವರು ಪಾಕಿಸ್ತಾನದ ಅರ್ಷದ್ ನದೀಮ್ ಅವರನ್ನು ಕರೆದಿದ್ದರು, ಪಹಲ್ಗಾಮ್ ದಾಳಿಗೆ ಮೊದಲು. ದಾಳಿ ಆದ ಮೇಲೆ ಜನ ನೀರಜ್ ಮೇಲೆ ಮುಗಿಬಿದ್ದರು. ಅವರ ತಾಯಿಯನ್ನೂ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ನದೀಮ್ ಚಿನ್ನ ಗೆದ್ದಾಗ 'ಅವನೂ ನಮ್ಮ ಹುಡುಗನೇ' ಅನ್ನೋ ಅರ್ಥದಲ್ಲಿ ಮಾತಾಡಿದ್ದರು ಆ ತಾಯಿ. ನಮ್ಮ ತೋರಣಗಲ್ಲಿನ ಪಕ್ಕದ ಕ್ರೀಡಾ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದವರು ನೀರಜ್. ಅವರ ಮೇಲೆ ದೇಶದ್ರೋಹದ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಂಕಟ ಆಯಿತು.

ನೌಕರಿ ವಿಷಯ. ನಿಮ್ಮನ್ನು ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಸೇನೆಯ ಜೊತೆ ಒಪ್ಪಂದ ಇರಬಾರದು ಅನ್ನೋ ಷರತ್ತು ಭಾರತದ ಮೇಲೆ ಬಂದಿದ್ದರೆ, ಸೇನೆಯಲ್ಲಿರುವ ನೀರಜ್ ಅವರೇ ಹೊರಗುಳಿಯುತ್ತಿದ್ದರು. ಬಡವರ ಮಕ್ಕಳಿಗೆ ಆಟದಿಂದ ಅನ್ನ ಸಿಗೋದು ಸೇನೆ, ಪೊಲೀಸ್, ರೈಲ್ವೆ ನೌಕರಿಯಿಂದಲೇ. ಅಲ್ಲಿ ರಷ್ಯಾದಲ್ಲೂ ಹಾಗೇ, ಸೇನೆಯ ಕ್ಲಬ್ಬಿನಲ್ಲೇ ಎಷ್ಟೋ ಮಕ್ಕಳು ಬೆಳೆಯುತ್ತಾರೆ. ಆ ಷರತ್ತು ಮೊದಲು ಬಡ ಆಟಗಾರರನ್ನೇ ಹೊಡೆಯಿತು ಅನ್ನೋದು ನನ್ನ ಅಭಿಪ್ರಾಯ. ಆದರೆ ಎರಡು ದೇಶಗಳ ಮೇಲೆ ಬಂದ ನಿಯಮಕ್ಕೆ ಹೆದರಿ ಕೈಗೆ ಬಂದ ನೌಕರಿ ಬಿಡಬೇಡಿ. ರೈಲ್ವೆಯೂ ಸಿಕ್ಕಿ ಅರೆಸೇನಾ ಪಡೆಯೂ ಸಿಕ್ಕರೆ, ಅಭ್ಯಾಸಕ್ಕೆ ಎಲ್ಲಿ ಜಾಸ್ತಿ ರಜೆ ಕೊಡುತ್ತಾರೆ, ಒಳ್ಳೆಯ ಜೂಡೋ ಕೋಚ್ ಎಲ್ಲಿದ್ದಾರೆ ಅಂತ ನೋಡಿ ಆರಿಸಿ.

ನನ್ನ ಕಚೇರಿಗೆ ಬಂದ ಯಾರೊಬ್ಬರೂ ಯುದ್ಧದಿಂದ ಅವಕಾಶ ಕಳೆದುಕೊಂಡವರಲ್ಲ. ಸಂಘಗಳ ಜಗಳದಿಂದ ಕಳೆದುಕೊಂಡವರು ಬೇಕಾದಷ್ಟು ಜನ. ಒಂದು ಸಲ ಕುಸ್ತಿ ಆಡುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಏಳು ಪ್ರಮಾಣಪತ್ರ, ಒಂದೂ ಮಡಚಿರಲಿಲ್ಲ. ಎಲ್ಲವೂ ಮಾನ್ಯತೆ ಹೋದ ಸಂಘದ್ದು. ಒಂದೇ ಆಟಕ್ಕೆ ಎರಡು ಸಂಘ ಇದ್ದವು, ಇವರಿಗೆ ಗೊತ್ತೇ ಇರಲಿಲ್ಲ. ಆ ವರ್ಷ ಅವಳಿಗೆ ನಾನು ಏನೂ ಮಾಡಿಕೊಡಲು ಆಗಲಿಲ್ಲ. ದೊಡ್ಡ ಮಟ್ಟದಲ್ಲೂ ಇದೇ ಕಥೆ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮ ಮೂವರು ಆಟಗಾರರು ತ್ರಿವರ್ಣ ಇಲ್ಲದೆ ನಡೆದರು, ನಮ್ಮ ಒಲಿಂಪಿಕ್ ಸಂಸ್ಥೆ ಅಮಾನತಾಗಿತ್ತು. 2022ರಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿದಾಗ ಗೋಕುಲಂ ಕೇರಳ ಮಹಿಳಾ ತಂಡ ಆಗಲೇ ತಾಷ್ಕೆಂಟ್ ತಲುಪಿತ್ತು. ಆಡದೆ ವಾಪಸ್ ಬಂದರು. 2023ರಲ್ಲಿ ಅಂತಿಮ್ ಪಂಘಾಲ್ ವಿಶ್ವ ಕುಸ್ತಿಯಲ್ಲಿ ಕಂಚು ಗೆದ್ದಾಗಲೂ ತಟಸ್ಥ ಬಾವುಟವೇ ಇತ್ತು. ಮಗಳಿಗೆ ಇದನ್ನೂ ಹೇಳಿ. ಬಾವುಟ ಇಲ್ಲದೆ ನಿಂತವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಇಷ್ಟು. ಅವಳು ಆಡುವ ಜಿಲ್ಲಾ, ರಾಜ್ಯ ಸಂಘಕ್ಕೆ ಮಾನ್ಯತೆ ಇದೆಯಾ ಅಂತ ಪ್ರತಿ ವರ್ಷ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಯಾರೋ ಕೊಟ್ಟ ಪುಡಿ, ಮಾತ್ರೆ ಬೇಡ. ಪದಕದ ವೇದಿಕೆಯ ಮೇಲೆ ಕೊಟ್ಟ ಸಮವಸ್ತ್ರ ಬಿಟ್ಟು ಬೇರೆ ಗುರುತು ಬೇಡ. ಮುಂದೆ ಯಾವತ್ತಾದರೂ ಅನ್ಯಾಯದ ಆದೇಶ ಬಂದರೆ ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಗಲು ಸಾಮಾನ್ಯವಾಗಿ 21 ದಿನ ಮಾತ್ರ ಇರುತ್ತದೆ. ಅಳುತ್ತಾ ಕೂರದೆ ಮೊದಲ ವಾರವೇ ವಕೀಲರನ್ನು ನೋಡಿ.

ಕೊನೆಗೆ ಆ ವಿಡಿಯೋ. ಬರೆಯಲಿ ಬಿಡಿ. ಯುದ್ಧದ ಬಗ್ಗೆ ಬೇಡ, ಆ ಹುಡುಗಿಗೆ ಅಲ್ಲಿ ಅದಕ್ಕೆ ಉತ್ತರ ಕೊಡೋದೇ ಅಪಾಯ ಆಗಬಹುದು. ತೋಳು ಹಿಡಿದು ಎಳೆಯುವ ಮುಂಚೆ ಕಾಲು ಎಲ್ಲಿಡುತ್ತೀರಿ ಅಂತ ಕೇಳಲಿ. ಅಂದಹಾಗೆ 2025ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಜೂಡೋ ಒಕ್ಕೂಟ ರಷ್ಯಾದವರಿಗೆ ಬಾವುಟವನ್ನು ವಾಪಸ್ ಕೊಟ್ಟಿದೆ. ಉಕ್ರೇನಿನ ದಾರಿಯಾ ಬಿಲೊದಿದ್ ಅವರ ಪಂದ್ಯಗಳನ್ನೂ ಮಗಳು ನೋಡಲಿ. ಹದಿನೇಳನೇ ವಯಸ್ಸಿಗೇ, ಅಂದರೆ ನಿಮ್ಮ ಮಗಳ ವಯಸ್ಸಿಗೇ, 48 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆದವರು. ಆಮೇಲೆ 57ಕ್ಕೆ ಬಂದರು. ನಿಮ್ಮ ಮಗಳದ್ದೇ ವಿಭಾಗ.